ಗುಡ್ಡಪ್ಪ ಕಾಕಾಗ ಆಟ ಕಲಿಸಿದ್ದು

ವಿಮಾನದ ಬಾಗಲ ತೆರೀತು ಕಾಕಾ, ಆದ್ರ ಈಗs ಜಿಗೀಬ್ಯಾಡ.
ಎಲ್ಲಾರೂ ಎಲ್ಲಿ ಉದುರತಾರ ನೋಡು ಮೊದಲ.
ಸೋಮವಾರ ಬ್ಯಾಡಗಿ ಪ್ಯಾಟ್ಯಾಗ ಟೆಂಡರ್ ಹೊತ್ತಿಗೆ
ಗೇಟಿನ ಬಾಯಾಗ ನಿಂತವನ ಗತಿ ಏನಾಗತೈತಿ,
ನಿನಗ ನಾ ಹೇಳಬೇಕೇನು?
ಗದ್ದಲ ಇದ್ದಲ್ಲಿ ಮಾಲೂ ಭಾಳ, ಹೆಣಾನೂ ಭಾಳ.
ನಾವು ಆ ಮೂಲ್ಯಾಗಿನ ಎರಡು ಮನೀಗೆ ಇಳಿಯೂಣು.

ಕೋಲ್ಡ್ ಸ್ಟೋರೇಜಿನ ಹಿಂದ, ಜನರೇಟರಿನ ಬಲಕ್ಕ
ಎರಡು ಕಡ್ಡಿ ನೆಟ್‌ವರ್ಕ್ ಸಿಗೂ ಒಂದs ಒಂದು ಕಟ್ಟಿ.
ರಾತ್ರಿ ಒಂದೂವರಿ. ಒಳಗ ಚೀಲ ಚೀಲ ಮೆಣಸಿನಕಾಯಿ
ನಾಕು ಡಿಗ್ರಿಯೊಳಗ ಕೆಂಪಗ ನಿದ್ದಿ ಮಾಡತಾವ.
ಕಾಕಾನ ಕೈಯಾಗ ಮಗಳ ಹಳೇ ಫೋನು,
ಗಾಜು ಜ್ಯಾಡನ ಬಲಿಯಂಗ ಸೀಳೈತಿ,
ಆ ಸೀಳಿನ ಸಂದ್ಯಾಗ ಸಣ್ಣ ಮನಷ್ಯಾ ಒಬ್ಬ
ಛತ್ರಿ ಹಿಡಕೊಂಡು ಇಳಿಯಾಕ್ಹತ್ಯಾನ.

ಇಳಿದ ಕೂಡ್ಲೇ ನಿಂದರಬ್ಯಾಡ. ನಿಂತವ ಸತ್ತ.
ಚಂದನ ಅಂಗಿ ಆಮ್ಯಾಲೆ ಹುಡುಕು, ಮೊದಲ ಹೆಲ್ಮೆಟ್.
ಬಂದೂಕು ಸಿಕ್ರ ತಗೋ, ಗುಂಡೂ ಎಣಿಸ್ಕೋ.
ಗುಂಡಿಲ್ಲದ ಬಂದೂಕು ಹಮಾಲರಿಲ್ಲದ ಲಾರಿ ಇದ್ದಂಗ,
ನಿಂತಲ್ಲೇ ಬಾಡಿಗಿ.
ಬಯಲಾಗ ನೆಟ್ಟಗ ಓಡಬ್ಯಾಡ, ಕುಡುದವನಂಗ ಓಡು.
ಗುಡ್ಡದ ನೆತ್ತಿಗೆ ಏರಬ್ಯಾಡ, ಹೆಸರು ಗುಡ್ಡಪ್ಪ ಇದ್ರೂ.
ನೆತ್ತಿಕಿಂತ ಒಂದು ಮಾರು ಕೆಳಗ ಮಕ್ಕೋ.
ಮತ್ತ ಮೈಕ್ ಬಂದ್ ಇಡು.
ಘಾಟಿಗೆ ನೀ ಇಲ್ಲಿ ಕೆಮ್ಮಿದ್ರ ಅಲ್ಲಿ ವೈರಿಗೆ ಕೇಳತೈತಿ.

"ಮೌಲಾಲಿ," ಅಂದ ಕಾಕಾ, "ಇಷ್ಟು ಚೊಲೋ ಹುಲ್ಲು ಬೆಳದೈತಿ,
ಊರಾಗ ಒಂದು ದನಾ ಇಲ್ಲೇನೋ?"

ಹುಲ್ಲು ಬಿಡು ಕಾಕಾ, ಹೆಜ್ಜಿ ಸಪ್ಪಳ ಕೇಳು.
ಎಡಗಿವಿಗೆ ಬಂದ್ರ ಎಡಕ್ಕ ಅದಾನ,
ಸಣ್ಣಗ ಕೇಳಿದ್ರ ದೂರ.
ಕಾಕಾ ನಕ್ಕ.
ಇಪ್ಪತ್ತೆರಡು ವರ್ಷ ಅದನ್ನ ಕೇಳೂದಕ್ಕs ಪಗಾರ ತಗೊಂಡಾವ.
ಬೆಕ್ಕೋ, ಕಳ್ಳನೋ, ಕಂಪ್ರೆಸರಿನ ಗೊರಕಿಯೋ,
ಚಪ್ಪಲ ಕೈಯಾಗ ಹಿಡಕೊಂಡು ತಡಾ ಮಾಡಿ ಬರೂ ನಾನೋ,
ಕಣ್ಣ ಮುಚ್ಚೇ ಹೇಳತಾನ.

ಆದ್ರ ಒಂದು ಚಟ.
ಹೊಕ್ಕ ಮನೀದೆಲ್ಲಾ ಬಾಗಲ ತಿರುಗಿ ಹಾಕತಾನ.
ಬೈದೆ. ಕಾಕಾ, ನೀಲಿ ಗೆರಿ ಬೆನ್ನಿಗೆ ಬಂದೈತಿ,
ಅದನ್ನ ಮುಟ್ಟಿದ್ರ ರಗತ ಸೋರಿ ಸಾಯತಿ, ಓಡು,
ಇದೇನು ನಮ್ಮ ಸಾವಕಾರರ ಗೋದಾಮಲ್ಲ.
"ಅಲ್ಲಪಾ, ಹಂಗs ತೆಗದು ಬಂದ್ರ
ಮನ್ಯಾವರು ಏನಂದಾರು?"

ಪರಸ್ಯಾ ಮೊದಲ ಹ್ವಾದ, ಗುಂಟೂರ ಲಾರಿ ಕ್ಲೀನರ್,
ನಮ್ಮೊಳಗ ಎಲ್ಲಾರಿಗಿಂತ ಶಾಣ್ಯಾ.
ಸತ್ತವನ ಪೆಟಗಿ ಕಂಡು ಬಗ್ಗಿದ. ಬಗ್ಗಿದಲ್ಲೇ ಉಳದ.
ಬರಕೋ ಕಾಕಾ: ಚೆಲ್ಲಿದ ಕಾಳಿನ ಮ್ಯಾಲೆ ಬಲಿ ಇರತೈತಿ.
ಇದನ್ನ ಹೇಳೂ ಗದ್ದಲದಾಗ ನಾನೂ ಸತ್ತೆ.

ಸತ್ತಮ್ಯಾಲೆ ಕೆಲಸ ಒಂದs, ಉಳದವನ್ನ ನೋಡೂದು.
ನನ್ನ ಫೋನಿನೊಳಗ ಈಗ ಕಾಕಾನ ಕಣ್ಣು.
ಮೂಲಿಮನಿ, ಕತ್ತಲಿ, ಕುಕ್ಕರಗಾಲಿಲೆ ಕುಂತಾನ.
ಮೂರು ಮಂದಿ ಬಂದ್ರು. ಕಿಡಕ್ಯಾಗ ನೆರಳ ಹಾದ್ವು.
ಹಾಕಿದ ಬಾಗಲ ನೋಡಿದ್ರು,
ಒಳಗ ಯಾರೂ ಇಲ್ಲಂತ ತಿಳಕೊಂಡು ಮುಂದ ಹ್ವಾದ್ರು,
ಮುಂದ ತಾವs ಬಡಿದಾಡಿ ಸತ್ರು.
ತೊಂಬತ್ತಾರು ಮಂದಿ ಹ್ವಾದ್ರು. ಕಾಕಾ ಒಂದು ಗುಂಡು ಹಾರ್ಸಿಲ್ಲ.

ಉಳದಾವ್ರು ನಾಕು. ಮೂರು.
ಗೆರಿ ಹಿತ್ತಲಕ್ಕ ಬಂತು. ಕಾಕಾ, ಎದ್ದೇಳು,
ಚಾಪಿಯಷ್ಟು ಜಾಗಾ ಉಳದೈತಿ, ಹೊರಗ ಬಾ, ಈಗ!

ಬಂದ. ಎರಡು ಹೆಜ್ಜಿ ಇಟ್ಟ.
ನಿಂತ.
ಬ್ಯಾಡ ಕಾಕಾ.
ತಿರುಗಿದ.

ಫೋನು ಕಟ್ಟಿಮ್ಯಾಲಿಟ್ಟು ಬ್ಯಾಟರಿ ತಗೊಂಡು ಎದ್ದ.
ಮೂರನೇ ಚೇಂಬರಿನ ಕೀಲಿ ಜಗ್ಗಿ ನೋಡಿ ಬಂದ,
ನಾಕನೇದ್ದು ಜಗ್ಗಿದ.
ಆಮ್ಯಾಲೆ ದೂರಿಂದs ಕೇಳಿದ:
"ಹೊಡಿಸ್ಕೊಂಡಿದ್ದು ಇರಲಿ ಮೌಲಾಲಿ,
ಬಾಗಲ ಹತ್ತಿತ್ತೋ ಇಲ್ಲೋ,
ನೋಡಿದೇನು?"