ನೊರೆ ಲೆಕ್ಕದ ಪುಸ್ತಕ

ಕೆಲವರಪಳ್ಳಿ ಅಣೆಕಟ್ಟೆಯ ಕೆಳಗೆ, ಸೇತುವೆಯ ಮೇಲೆ
ಸೊಂಟದೆತ್ತರ ನೊರೆ.
ಹೊಸೂರಿಗೆ ಹೊಸಬರು ಫೋಟೊ ತೆಗೆಯುತ್ತಾರೆ,
ಹಿಮ ಬಿದ್ದಿದೆ ಎಂಬಂತೆ.
ನಮ್ಮ ಎಮ್ಮೆಗಳು ಮಾತ್ರ ಮೂಸಿ ನೋಡಿ
ಮುಖ ತಿರುಗಿಸುತ್ತವೆ.

ಎರಡನೇ ಶನಿವಾರ. ಪಂಪ್‌ಹೌಸಿನ ಜಗಲಿ.
ಸೆಲ್ವನಾಯಕಿ ನುರೈ ಅಂದಳು,
ಓಬುಳಮ್ಮ ನುರುಗು ಅಂದಳು,
ನಾನು ನೊರೆ ಅಂತ ಬರೆದುಕೊಂಡೆ.
ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮೂರು ಮಾತು;
ಪಾಲು ಕೇಳುವಾಗ ದಾಯಾದಿಗಳು.

ಪುಸ್ತಕ ಯಾವ ಭಾಷೆಯಲ್ಲಿರಬೇಕು,
ಅದಕ್ಕೇ ಎರಡು ಶನಿವಾರ ಹೋಯಿತು, ಲೋಟಗಟ್ಟಲೆ ಟೀ.
ಕೊನೆಗೆ ಮೆಕ್ಯಾನಿಕ್ ಖಲೀಲ್ ಹೇಳಿದ:
"ಅಂಕಿ ಬರೀರಿ ಸಾರ್.
ಹದಿನಾಲ್ಕರ ಸ್ಪ್ಯಾನರು ಎಲ್ಲಿ ಹೋದರೂ ಹದಿನಾಲ್ಕೇ."

ಮೂರನೇ ಸಲಕ್ಕೆ ಬಂದ, ಅತ್ತಿಬೆಲೆ ದಾಟಿ,
ಮುನಿನಂಜಪ್ಪ. ಮೇಲಿನೂರಿನ ಕೊಳಚೆ ಘಟಕದಲ್ಲಿ
ಮೂವತ್ತು ವರ್ಷ ವಾಲ್ವ್ ತಿರುವಿದವನು.
ಬುತ್ತಿಯ ಚೀಲದಿಂದ ಬಾಟಲಿ ತೆಗೆದು
ನಮ್ಮ ಬಾಟಲಿಯ ಪಕ್ಕಕ್ಕಿಟ್ಟ.
"ಇದು ನಮ್ಮದು. ನಮ್ಮ ಹೆಸರಲ್ಲೇ ಬರೀರಿ.
ಕರೆಂಟು ಹೋದ ರಾತ್ರಿಗಳಲ್ಲಿ ಎಷ್ಟು ಬಿಟ್ಟಿದ್ದೀನಿ
ಅಂತ ನನಗೊಬ್ಬನಿಗೇ ಗೊತ್ತು."

ಬೈಯಲೆಂದು ಗಂಟು ಕಟ್ಟಿ ತಂದ ಮಾತುಗಳಿದ್ದವು ನಮ್ಮಲ್ಲಿ.
ಯಾರೂ ಬಿಚ್ಚಲಿಲ್ಲ.
ಓಬುಳಮ್ಮ ತನ್ನ ಟೀ ಅವನತ್ತ ಸರಿಸಿದಳು.
ಸಕ್ಕರೆ ಜಾಸ್ತಿ ಅಂತ ಆಗಲೇ ಗೊಣಗಿದ್ದಳು, ಹಾಗಾಗಿ
ಅದನ್ನು ಕ್ಷಮೆ ಎನ್ನಲಾರೆ.

ಆಮೇಲೆ ಕೆಲಸ.
ಯಾವ ರಾತ್ರಿ ಯಾರು ಎಚ್ಚರ, ಯಾರ ಫೋನು ಯಾರಿಗೆ,
ನೊರೆ ಹೊರಟ ಸುದ್ದಿ ಬಂದರೆ
ಗುಲಾಬಿ ಮಡಿಗಳ ಮೋಟರು ನಿಲ್ಲಿಸುವವರು ಯಾರು.
ಗೆರೆ ಎಳೆದೆ: ತಿಂಗಳು, ಜಾಗ, ಆಮ್ಲಜನಕ, ವಾಸನೆ.
ಎಷ್ಟು ವರ್ಷಕ್ಕೆ, ಕೇಳಿದ ಮುನಿನಂಜಪ್ಪ.
ನಲವತ್ತು, ಅಂದಳು ಸೆಲ್ವನಾಯಕಿ.
ಅವಳಿಗೀಗ ಅರವತ್ತೇಳು.

ಖಾಲಿ ಪುಟಗಳಿಗೂ ಇಸವಿ ಹಾಕುತ್ತ ಹೋದೆ.
ಎಲ್ಲೋ ಒಂದು ಹಾಳೆಯಿಂದಾಚೆ ನಾನಿಲ್ಲ.
ಯಾವುದೆಂದು ತಿಳಿಯಲಿಲ್ಲ,
ಪೆನ್ನು ನಿಲ್ಲಿಸದೆ ದಾಟಿದೆ.

ಹೋದ ತಿಂಗಳು ಒಂದು ಪಾಯಿಂಟ್ ಒಂಬತ್ತು.
ಈ ತಿಂಗಳು ಎರಡು ಪಾಯಿಂಟ್ ಒಂದು.
"ಸುಧಾರಣೆ ಅಂತ ಬರೀಲಾ?"
"ಬೇಡ," ಅಂದ ಮುನಿನಂಜಪ್ಪ,
"ಎರಡು ಪಾಯಿಂಟ್ ಒಂದು ಅಂತ ಬರೀರಿ."

ಸೇತುವೆ ದಾಟುವಾಗ ಗಾಳಿಗೆ ನೊರೆಯ ಉಂಡೆಯೊಂದು ಹಾರಿ
ಪುಸ್ತಕದ ರಟ್ಟಿನ ಮೇಲೆ ಕೂತಿತು.
ಮನೆ ಮುಟ್ಟುವಷ್ಟರಲ್ಲಿ ಒಣಗಿತ್ತು.
ವಾಸನೆ ಇತ್ತು.
ಆ ಕಾಲಂ ಖಾಲಿ ಬಿಟ್ಟದ್ದು ನೆನಪಾಗಿ
ದೀಪ ಹಾಕಿ ತುಂಬಿದೆ.