ಬಾಕಿ

ಅಲಮಾರು ಅಂತೇವಲ್ಲ ನಾವು,
ಆ ಪದದ ತವರು ಈ ಸೀಮೆ.
ಹಡಗು ಹತ್ತಿ ಬಂದು ನಮ್ಮ ನಾಲಗೆಯ ಮೂಲೆಯಲ್ಲಿ
ಕಾಲೂರಿ ನಿಂತಿತು, ಬರುವಾಗ ಚಾವಿಯನ್ನೂ ತಂದಿತ್ತು.
ಯಾರೂ ವಾಪಸು ಕೇಳಲಿಲ್ಲ.

ಬ್ರಗಾನ್ಸದ ಕೋಟೆಯಿಂದ ಇಳಿಯುವ ಓಣಿಯಲ್ಲಿ
ಹಿಂದೆ ಕತ್ತೆ ಕಟ್ಟುತ್ತಿದ್ದ ಕೊಟ್ಟಿಗೆ
ಈಗ ದಿಯೊಲಿಂದಳ ಕೆಲಸದ ಮನೆ.
ನಡುವೆ ಅಲಮಾರು ಬೋರಲು ಮಲಗಿದೆ,
ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುವ
ದಪ್ಪ ಯಜಮಾನನ ಹಾಗೆ.
ಹಿಂಬದಿಯ ಹಲಗೆಗೆ ಕುಟ್ಟೆ ಹೊಡೆದಿದೆ,
ಬೆರಳೊತ್ತಿದರೆ ರವೆ.

ಪೋರ್ತುವಿನ ಹಲ್ಲಿನ ಡಾಕ್ಟರದು ಅದು.
ಫೋನಿನಲ್ಲಿ ಆತನದೊಂದೇ ಪಟ್ಟು:
ಮುರಿದದ್ದು ಕಾಣಬಾರದು,
ಕೂಡಿಸಿದ್ದೂ ಕಾಣಬಾರದು.
ಹಲ್ಲು ಕಟ್ಟುವವನಿಗೆ ಬೇರೇನು ಹೊಳೆದೀತು.

ಹೊಸ ಮರ ಒಗ್ಗುವುದಿಲ್ಲ, ಅಂತಾಳೆ ಅವಳು,
ಅದಿನ್ನೂ ಬೇಸಿಗೆ ಕಂಡಿಲ್ಲ.
ಹಿಗ್ಗುತ್ತದೆ, ಕುಗ್ಗುತ್ತದೆ, ಪಕ್ಕದವರನ್ನು ಸೀಳುತ್ತದೆ.
ಹಳೆಯದಾದರೆ
ಕುಗ್ಗುವಷ್ಟು ಕುಗ್ಗಿ ಮುಗಿಸಿರುತ್ತದೆ.

ಅದಕ್ಕೇ ಗೋಡೆಯುದ್ದಕ್ಕೂ ಒಟ್ಟಿದ್ದಾಳೆ ಚೆಸ್ಟ್‌ನಟ್ ಮರದ ಸಂಸಾರ:
ಯಾರೂ ಮಲಗದ ಮಂಚದ ತಲೆಗಟ್ಟು,
ರೊಟ್ಟಿಯ ಹಿಟ್ಟು ನಾದುತ್ತಿದ್ದ ಮರಿಗೆ,
ಒಂಟಿ ಕದ,
ಫಿರ್ಮಿನು ಅಂಗಡಿಯ ಗಲ್ಲಾ ಹಲಗೆ.
ಒಂದನ್ನು ಉಳಿಸಲು ಇನ್ನೊಂದನ್ನು ಕೊಯ್ಯಬೇಕು.
ಇದಕ್ಕೆ ಅವಳು ನಿಟ್ಟುಸಿರಿಡುವುದಿಲ್ಲ,
ಅಯಸ್ಕಾಂತ ಆಡಿಸಿ ಮೊಳೆ ಹುಡುಕುತ್ತಾಳೆ.
ಸಿಕ್ಕರೆ ಗರಗಸದ ಹಲ್ಲು ಹೋಗುತ್ತದೆ,
ಆ ಹಲ್ಲಿಗೆ ಯಾವ ಡಾಕ್ಟರೂ ಇಲ್ಲ.

ಗಲ್ಲಾ ಹಲಗೆಯನ್ನು ಮಗುಚಿದ್ದು ಟೆಲ್ಮು, ಶಾಗಿರ್ದ.
'ಅಕ್ಕಾ, ಇಲ್ಲೇನೋ ಬರೆದಿದೆ.'

ಪೆನ್ಸಿಲು. ಮಸುಕು. ಸಾಲು ಸಾಲು.
ಉಪ್ಪುಮೀನು ಅರ್ಧ ಕಿಲೊ. ಎಣ್ಣೆ. ಮತ್ತೆ ಎಣ್ಣೆ.
ವಿಧವೆ ಜೆನೊವೇವ, ಮೇಣದ ಬತ್ತಿ ನಾಲ್ಕು.
ಕೆಲವರ ಮುಂದೆ ಒಂದು ಪುಟ್ಟ ಪದ, ಪಾಗು:
ಕೊಟ್ಟಾಯಿತು ಎಂದು.
(ಅದೇ ಬಳ್ಳಿ ನಮ್ಮ ಕಡೆ ಹಬ್ಬಿ ಪಗಾರವಾಯಿತು,
ತಿಂಗಳ ಕೊನೆಗೆ ಕಾಯಿಸುತ್ತದೆ.)

ಕೆಳಗಿನ ಮೂಲೆಯಲ್ಲಿ ಅವಳ ಅಜ್ಜ, ಅದೆರಿತು.
ರಾತ್ರಿಯೆಲ್ಲ ಕಾಫಿಬೀಜದ ಮೂಟೆ ಹೊತ್ತು
ಕಳ್ಳದಾರಿಯಲ್ಲಿ ಸ್ಪೇನಿನ ಗಡಿ ದಾಟುತ್ತಿದ್ದವನು.
ಅವನ ಹೆಸರ ಮುಂದೆ:
ಕೆಂಪು ರಿಬ್ಬನ್ನು, ಎರಡು ಮೊಳ.
ಅದರ ಮುಂದೆ ಏನೂ ಇಲ್ಲ.

ದಿಯೊಲಿಂದ ಕನ್ನಡಕ ತೆಗೆದಳು, ಒರೆಸಿದಳು, ಹಾಕಿದಳು.
ಆ ರಿಬ್ಬನ್ನು ಅವಳಿಗೆ ಗೊತ್ತು.
ಅವ್ವ ಬಿಸ್ಕತ್ತಿನ ಡಬ್ಬಿಯಲ್ಲಿ ಸುತ್ತಿಟ್ಟಿದ್ದಳು,
ಹೊರಗೆ ತೆಗೆದಾಗಲೆಲ್ಲ ಅದೇ ಮಾತು:
'ಅಪ್ಪ ಸ್ಪೇನಿನಿಂದ ತಂದದ್ದು,
ಗುಂಡಿನೇಟು ತಪ್ಪಿಸಿಕೊಂಡು, ನನಗೋಸ್ಕರ.'

ಸ್ಪೇನಂತೆ!
ಎದುರು ಬೀದಿಯ ಅಂಗಡಿ.
ಅದೂ ಕಡ.

ನಕ್ಕಳೋ ಕೆಮ್ಮಿದಳೋ, ಟೆಲ್ಮುವಿಗೆ ತಿಳಿಯಲಿಲ್ಲ.
ತೋಪಡ ಹಿಡಿದು ಕೇಳಿದ: 'ಕೀಸಿಬಿಡಲಾ?'
'ಅಂಚು ಮಾತ್ರ.
ಈ ಮುಖ ಮುಟ್ಟಬೇಡ.'

ಕಚ್ಚು ಕೊರೆದರು, ಸರೇಸು ಕಾಯಿಸಿದರು,
ಹಲಗೆ ಹಲಗೆಗೆ ಕುಳಿತಿತು, ನಡುವೆ ಕೂದಲೂ ತೂರದು.
ಮೇಣ ತಿಕ್ಕಿ ತಿಕ್ಕಿ ಅಂಗೈ ಬಿಸಿಯಾದವು.
ಬರಹದ ಮುಖ ಹಿಂದಕ್ಕೆ.
ಪೆನ್ಸಿಲಿನ ಮೊನೆ ನಾಲಗೆಗೆ ತಾಗಿಸಿ
ಅಜ್ಜನ ಸಾಲಿನ ಕೊನೆಗೆ ತಂದಳು ಒಮ್ಮೆ,
ನಾಲ್ಕೇ ಅಕ್ಷರ ಬೇಕಿತ್ತು.
ಫಿರ್ಮಿನು ಸತ್ತ. ಅಂಗಡಿ ಈಗ ಮೊಬೈಲು ರಿಪೇರಿಯದು.
ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು.

ಬಿಲ್ಲು ಬರೆದದ್ದು ಮಾತ್ರ ಹೀಗೆ:
ಹಳೆ ಹಲಗೆ ಒಂದು. ಸರೇಸು, ಮೇಣ. ಹನ್ನೊಂದು ದಿನದ ಕೂಲಿ.
ಕೆಂಪು ರಿಬ್ಬನ್ನು, ಎರಡು ಮೊಳ.
ಡಾಕ್ಟರು ಮೊತ್ತವಷ್ಟೇ ನೋಡಿ ಎಣಿಸಿದ,
ರಸೀತಿಯಲ್ಲಿ ಅವಳು 'ಪಾಗು' ಬರೆದುಕೊಟ್ಟಳು.

ಪೋರ್ತುವಿನಲ್ಲಿ, ನದಿ ಕಾಣುವ ಮೂರನೇ ಮಹಡಿಯಲ್ಲಿ,
ಇಸ್ತ್ರಿ ಮಾಡಿದ ಮೇಜುಬಟ್ಟೆಗಳ ಬೆನ್ನ ಹಿಂದೆ
ಗೋಡೆಗೆ ಮುಖ ಕೊಟ್ಟು ನಿಂತಿದ್ದಾನೆ ಅದೆರಿತು,
ಶಾಲೆಯಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದ ಹುಡುಗನ ಹಾಗೆ.
ಎರಡು ಮೊಳ
ಇನ್ನೂ ಬಾಕಿ.