ಲೆಕ್ಕದ ವಹಿ

ಕುರ್ಚಿ ನೂರಾ ಇಪ್ಪತ್ತು, ಬಂದವರು ಅರವತ್ಮೂರು.
ಉಳಿದ ಐವತ್ತೇಳಕ್ಕೂ ಬಾಡಿಗಿ ಕೊಟ್ಟೀವಿ.
ಮಂಡಪದವ ಕೇಳಿದ: ಏನಿತ್ತರಿ, ಲಗ್ನಾ?
ಆಟ ಕಟ್ಟೋರ ಸಮ್ಮೇಳನ ಅಂದೆ.
ಕಬಡ್ಡಿಯೇನು ಅಂದ.
ಹೂಂ ಅಂದುಬಿಟ್ಟೆ. ಆ ಬಿಸಲಾಗ ಯಾರು ಬಿಡಿಸಿ ಹೇಳಬೇಕು.

ಸೊಲ್ಲಾಪುರದಾಗ, ಅಕ್ಕಲಕೋಟ ರಸ್ತಾದ ಮ್ಯಾಲ,
ಬಂದಾದ ಚಾದರದ ಶೆಡ್ಡು.
ಮಗ್ಗ ಕಿತ್ತೊಯ್ದ ಜಾಗಾದಾಗ ಬೋಲ್ಟಿನ ತೂತು,
ನಾಕ್ನಾಕು, ನಾಕ್ನಾಕು, ಗ್ವಾಡಿತನಕ.
ಬಂದ ಹುಡುಗರು ಉದ್ಘಾಟನಿಗೂ ಮೊದಲ ಅದರಾಗ
ಬಾಟ್ಲಿ ಮುಚ್ಚಳ ಇಟ್ಟು ಆಡಾಕ ಹತ್ತಿದ್ರು.
ಕಾರ್ಯಕ್ರಮದ ಪಟ್ಟ್ಯಾಗ ಅದನ್ನ ನಾವು ಬರದಿದ್ದಿಲ್ಲ.

ನರ್ಸಯ್ಯ ಕೊಂಡಾ ಜಕಾರ್ಡಿನ ಹಳೇ ರಟ್ಟು ತಂದ,
ತೂತು ಹೊಡದದ್ದು, ಒಂದು ಮೂಟಿ.
ಅದರ ಮ್ಯಾಲ ಹೆಸರು ಬರದು ಕೊರಳಿಗೆ ಹಾಕಿದ್ವಿ,
ಕನ್ನಡ, ಮರಾಠಿ, ಉರ್ದು.
ತನ್ನದು ತೆಲುಗಿನ್ಯಾಗ ತಾನ ಬರಕೊಂಡ.
ನನ್ನ ರಟ್ಟು ನವಿಲಿನ ಕಾಲಿರಬೇಕು ಅಂದ,
ಆಮ್ಯಾಲ ಬೆಳಕಿಗೆ ಹಿಡದು ನೋಡಿ,
ಇಲ್ಲ, ಬರೇ ಅಂಚು ಅಂದ.

ದಿನ ಗೊತ್ತು ಮಾಡೋವಾಗ ರೇವಣಸಿದ್ಧ ಬಿರಾಜದಾರ
ಕ್ಯಾಲೆಂಡರಿನ್ಯಾಗ ಹಬ್ಬ ನೋಡ್ಲಿಲ್ಲ, ನಳ ನೋಡಿದ.
ಐದು ದಿನಕ್ಕೊಮ್ಮೆ ನೀರು.
ಎಣಿಸಿ ಎಣಿಸಿ ನಡುವಿನ ಎರಡು ಒಣಾ ದಿನ ಹಿಡದ.
ಎರಡನೇ ದಿನ ಹನ್ನೊಂದಕ್ಕ,
ಪುಣೇದ ಓಕ ಅವರು ಸೋಲಿನ ಬಗ್ಗೆ ಮಾತಾಡಾಕತ್ತಾಗ,
ಸೋತವಗ ಮತ್ತ ಆಡಬೇಕು ಅನಸಬೇಕು ಅನ್ನಾಕತ್ತಾಗ,
ಯಾರದೋ ಫೋನು. ಆಮ್ಯಾಲ ಹತ್ತು ಫೋನು.
ನೀರು ಬಂದದ.
ಇಪ್ಪತ್ತೆಂಟು ಮಂದಿ ಎದ್ದು ಹೋದ್ರು. ಬಿರಾಜದಾರನೂ.
ಓಕ ಅವರು ಪರದೆ ನೋಡಿದ್ರು, ಕುರ್ಚಿ ನೋಡಿದ್ರು,
ನನ್ನ ನೋಡಿದ್ರು.
ನಾ ಬೋಲ್ಟಿನ ತೂತು ನೋಡ್ಕೋತ ನಿಂತೆ.

ಮೆಹಜಬೀನ ಬಾಗವಾನ, ಹತ್ತನೇ ಇಯತ್ತೆ, ಹಿಂದಿನ ಸಾಲು,
ಬಿಸ್ಕೀಟಿನ ಡಬ್ಬಿ ಎತ್ತಿಕೊಂಡು ಮುಂದ ಬಂದ್ಲು.
ಒಳಗ ಬಳಿಚೂರು, ಅಂಗಿ ಗುಂಡಿ, ರಟ್ಟಿನ ಕೊಡ.
ಆಟದ ಹೆಸರು ಪಾಳಿ.
ನಳ ಯಾವಾಗ ಬಿಡ್ತಾರ, ಆಡವರಿಗೆ ಗೊತ್ತಿಲ್ಲ,
ಕಟ್ಟಿದಾಕಿಗೂ ಗೊತ್ತಿಲ್ಲ.
ಮಲಗಿದ್ರ ಪಾಳಿ ಹೋಗ್ತದ,
ಮಲಗದಿದ್ರ ಮರುದಿನ ಸಾಲ್ಯಾಗ ಜೋಲಿ.
ಓಕ ಅವರು ನೆಲಕ್ಕ ಕೂತ್ರು. ಮೂರು ಸಲ ಸೋತ್ರು.
ಮೂರನೇ ಸಲ ಸಿಟ್ಟಿಗೆದ್ದು, ಈ ನಿಯಮಾನ ತಪ್ಪು ಅಂದ್ರು.
ಹೌದ್ರಿ ಸರ್, ಅಂದ್ಲು,
ಕಾರ್ಪೊರೇಶನ್ನಿಗೂ ಅದನ್ನ ಹೇಳೇವಿ.

ತಿಂಗಳಾತು. ವಹಿ ತಗದು ಕೂತೀನಿ.
ಶೇಂಗಾ ಚಟ್ನಿ ಎರಡು ಕಿಲೋ ಹೆಚ್ಚಾತು,
ಪ್ರಮಾಣಪತ್ರದಾಗ ಊರಿನ ಹೆಸರ ತಪ್ಪಿತ್ತು,
ನಿಯಮ ಯಾವ ಭಾಷಾದಾಗ ಬರೀಬೇಕು ಅಂತ
ಎರಡು ತಾಸು ಜಗಳಾಡಿ ಚಾ ಕುಡದು ಎದ್ವಿ.
ಒಟ್ಟು ಖರ್ಚು ನಲವತ್ತೊಂದು ಸಾವಿರದ ಮುನ್ನೂರು.
ಕಡಿಮಿ ಬಿದ್ದದ್ದು ಮೂವರ ಕಿಸೆದಿಂದ.
ಏನು ಸಿಕ್ತು ಅನ್ನೋ ಕಡೆ ಏನು ಬರೀಲಿ?
ನೀರು ತುಂಬಿ ಹೋದವರಾಗ ಹತ್ತೊಂಬತ್ತು ಮಂದಿ
ಒದ್ದಿ ಪ್ಯಾಂಟಿನ್ಯಾಗ ತಿರುಗಿ ಬಂದಿದ್ರು.
ಅದಕ್ಕ ವಹ್ಯಾಗ ಕಾಲಮ್ಮಿಲ್ಲ.

ಬಿರಾಜದಾರನ ಅತ್ತಿ ಗೌರಾಬಾಯಿ ಕಡೆ
ಪ್ರದರ್ಶನಕ್ಕಂತ ಚೌಕಾಬಾರದ ಕವಡಿ ತಂದಿದ್ವಿ.
ತಂದದ್ದು ನಾಕು, ಒಯ್ದು ಕೊಟ್ಟದ್ದು ಮೂರು.
ಆಕಿ ಅಂಗೈ ಮ್ಯಾಲ ಹೊಳ್ಳಿಸಿ ಹೊಳ್ಳಿಸಿ ಎಣಿಸಿದ್ಲು.
ಮೂರರಾಗ ಚೌಕ ಹ್ಯಾಂಗ ಬೀಳಬೇಕೋ ಮಾರಾಯಾ?
ಹೊಸಾವು ಕೊಡಸ್ತೀನಿ ಅಂದೆ. ಕೇಳಸಲಿಲ್ಲ ಅನಸ್ತದ.
ಒಳಗಿಂದ ಹುಣಸೀಬೀಜ ತಂದು,
ಹೊಸ್ತಿಲ ಕಲ್ಲಿಗೆ ಒಂದು ಮಗ್ಗಲು ತಿಕ್ಕಾಕ ಹತ್ತಿದ್ಲು,
ಬೆಳ್ಳಗಾಗೋತನಕ.
ಬರೋ ವರ್ಷ ಯಾವಾಗ ಇಡ್ತೀರಿ ಅಂದ್ಲು, ತಲಿ ಎತ್ತದ.

ನಾ ಇನ್ನೂ ಹೇಳಿಲ್ಲ.
ವಹಿಯ ಕಡೀ ಸಾಲು:
ಕವಡಿ ಒಂದು, ಬರಬೇಕು.